‘ಇಂದು ಊರಲ್ಲಿ’ಗೆ ಎಷ್ಟು ಓದುಗರು?

ಚಾಮರಾಜಪೇಟೆ
13 ಜನವರಿ 2025

ಪಂಚಾಕ್ಷರಯ್ಯನವರಿಗೆ ನಮಸ್ಕಾರ.

ಒಟ್ಟು ಖರ್ಚು ಹೀಗಿದೆ. ಹತ್ತು ತಿಂಗಳು. ಹನ್ನೆರಡು ಕಾಗದ, ಏಳು ನನ್ನವು, ಐದು ಪುಣೆಯಿಂದ ಬಂದವು. ಬಟ್ಟೆಯಲ್ಲಿ ಹೊಲಿದು ಕಳಿಸಿದ ಮೂರು ಪುಸ್ತಕ. ವಾಪಸ್ ಬಂದಾಗ ಒಂದರ ರಟ್ಟು ಕಿತ್ತುಹೋಗಿತ್ತು. ನನ್ನ ಫೋನಿನ ಗಾಜಿನ ಮೇಲೆ ಸಾವಿರದ ಎಂಟುನೂರ ನಲವತ್ತಾರು ಬೆರಳು. ಶೈಲಜಮ್ಮನವರ ಹತ್ತೊಂಬತ್ತು ದಿನದ ಸಿಟ್ಟು. ನಿಮ್ಮ ಮೂರು ತಿಂಗಳ ಮೌನ. ಇನ್ನೊಂದು ದೊಡ್ಡ ಬಾಬತ್ತು ಇದೆ, ಅದು ನಿಮಗೇ ಗೊತ್ತು, ನಾನು ಬರೆಯುವುದಿಲ್ಲ.

ಮೊನ್ನೆ ಗುರುವಾರ ನೀವು ಮತ್ತೆ ಮಾತು ಶುರು ಮಾಡಿದಿರಿ. ಮೊದಲ ಮಾತೇ, “ಆ ಪುಣೆ ಹುಡುಗಿ ಯಾರ್ರೀ? ಅವಳಿಗೂ ನಿಮಗೂ ಏನು ವ್ಯವಹಾರ?” ಬಾಯಲ್ಲಿ ಹೇಳಿದರೆ ನಾನು ನನಗೆ ಬೇಕಾದ ಹಾಗೆ ತಿರುಗಿಸಿಬಿಡುತ್ತೇನೆ. ಆದ್ದರಿಂದ ಕಡತವನ್ನೇ ಕಳಿಸಿದ್ದೇನೆ. ನನ್ನವು ಬಿಲ್ ಪುಸ್ತಕದ ಕಾರ್ಬನ್ ಪ್ರತಿಗಳು, ಅಲ್ಲಲ್ಲಿ ನೀಲಿ ಹರಡಿದೆ, ಕ್ಷಮಿಸಿ. ಹುಡುಗಿಯ ಹೆಸರು ಅಕ್ಷಯಾ. ಹುಟ್ಟಿದ್ದು ಹುಬ್ಬಳ್ಳಿ, ಕೆಲಸ ಪುಣೆಯಲ್ಲಿ. ನಮ್ಮ ‘ಉದಯರೇಖೆ’ ಪತ್ರಿಕೆಯ ವೆಬ್‌ಸೈಟನ್ನು ಹೊಸದಾಗಿ ಕಟ್ಟಿಕೊಟ್ಟ ಕಂಪನಿಯವಳು.

ತಾರೀಖಿನ ಪ್ರಕಾರ ಓದಿ. ಕಾಗದವೇ ಇಲ್ಲದ ತಿಂಗಳುಗಳನ್ನೂ ಗಮನಿಸಿ. ನಾನು ಹೆಚ್ಚು ಕೆಲಸ ಮಾಡಿದ್ದು ಆಗಲೇ.

ದೊಡ್ಡಬೈರಪ್ಪ

*

ಚಾಮರಾಜಪೇಟೆ
6 ಮಾರ್ಚ್ 2024

‘ಉದಯರೇಖೆ’ ಹೊಸ ವೆಬ್‌ಸೈಟ್ ವಿಭಾಗ, ಪುಣೆ

ಮಾನ್ಯರೇ,

ಮೂರನೇ ಪುಟದಲ್ಲಿ ‘ನಮ್ಮ ವೆಬ್‌ಸೈಟ್ ಹೇಗಿರಬೇಕು, ಓದುಗರೇ ಹೇಳಿ’ ಎಂದು ಕೇಳಿದ್ದೀರಿ. ಇ-ಮೇಲ್ ವಿಳಾಸ ದಪ್ಪಕ್ಷರದಲ್ಲಿತ್ತು, ಅಂಚೆ ವಿಳಾಸ ಇರುವೆ ಗಾತ್ರದಲ್ಲಿತ್ತು. ನನ್ನ ಹೆಬ್ಬೆರಳು ದಪ್ಪ. ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ಆದ್ದರಿಂದ ಇರುವೆಯನ್ನೇ ಹಿಡಿದೆ.

ಈಗಿನ ವೆಬ್‌ಸೈಟ್ ನೋಡಿದೆ. ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ನಡೆದ ಹಾಗಾಯಿತು. ನಾವು ಕೇಳುವುದು ಮೊಳ ಹೂವು, ಎದುರಿಗೆ ಬಂದು ನಿಲ್ಲುವವರು ಪ್ಲಾಸ್ಟಿಕ್ ಡಬ್ಬಿ ಮಾರುವವರು. ನನಗೆ ಬೇಕಿದ್ದದ್ದು ‘ಇಂದು ಊರಲ್ಲಿ’ ಅಂಕಣ. ಎಲ್ಲಿ ಉಪನ್ಯಾಸ, ಎಲ್ಲಿ ವೀಣೆ, ಎಲ್ಲಿ ಪುಸ್ತಕ ಬಿಡುಗಡೆ, ಎಲ್ಲಿ ಪುಕ್ಕಟೆ ಕಣ್ಣು ತಪಾಸಣೆ, ಎಲ್ಲ ಇರುವ ಪಟ್ಟಿ. ಹುಡುಕಲು ಏಳು ಸಲ ಒತ್ತಿದೆ. ಅಚ್ಚಿನ ಪತ್ರಿಕೆಯಲ್ಲಾದರೆ ನಾಲ್ಕನೇ ಪುಟ, ಎಡಗಡೆ ಮೂಲೆ. ಕಣ್ಣು ಮುಚ್ಚಿಕೊಂಡು ಕತ್ತರಿ ಹಾಕಬಹುದು.

ಪ್ರಶ್ನೆ ಒಂದೇ. ಹೊಸದರಲ್ಲಿ ಈ ಅಂಕಣ ಎಲ್ಲಿರುತ್ತದೆ? ‘ಇರುತ್ತದೆಯೇ’ ಎಂದು ಕೇಳಿಲ್ಲ, ದಯವಿಟ್ಟು ಗಮನಿಸಿ.

ದೊಡ್ಡಬೈರಪ್ಪ

*

ಪುಣೆ
18 ಮಾರ್ಚ್ 2024

ಮಾನ್ಯ ದೊಡ್ಡಬೈರಪ್ಪನವರಿಗೆ,

ನಮಗೆ ಆರು ಸಾವಿರದ ಇನ್ನೂರ ಹದಿನಾಲ್ಕು ಉತ್ತರಗಳು ಬಂದವು. ಅಂಚೆಯಲ್ಲಿ ಬಂದದ್ದು ನಿಮ್ಮದೊಂದೇ. ಆಫೀಸಿನಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ ಆದ್ದರಿಂದ ಕವರ್ ನನ್ನ ಮೇಜಿಗೆ ಬಂತು.

ನಿಮ್ಮ ಪ್ರಶ್ನೆಗೆ ಪ್ರಾಮಾಣಿಕ ಉತ್ತರ: ನನಗೆ ಗೊತ್ತಿಲ್ಲ. ದಿನಕ್ಕೆ ನಾಲ್ಕು ಲಕ್ಷ ಜನ ಈ ವೆಬ್‌ಸೈಟಿಗೆ ಬರುತ್ತಾರೆ. ರಾಶಿಫಲ ನೋಡುವವರು ನಲವತ್ತು ಸಾವಿರ. ‘ಇಂದು ಊರಲ್ಲಿ’ ತೆರೆಯುವವರು ಮುನ್ನೂರ ಹತ್ತು. ಈ ಮುನ್ನೂರ ಹತ್ತು ಜನ ಒಂದು ದಿನವೂ ತಪ್ಪುವುದಿಲ್ಲ ಎಂಬುದೇ ನನಗೆ ಆಶ್ಚರ್ಯ. ಬೆಳಿಗ್ಗೆ ಆರರಿಂದ ಆರೂವರೆಯೊಳಗೆ ಬರುತ್ತಾರೆ, ಓದುತ್ತಾರೆ, ಬೇರೆ ಏನನ್ನೂ ಮುಟ್ಟದೆ ಹೋಗುತ್ತಾರೆ. ಯಾರು ಇವರು?

ನಿಮ್ಮ ಬರವಣಿಗೆ ನೋಡಿದರೆ ತಾವು ಸಾಹಿತ್ಯಾಸಕ್ತರು, ಸಭೆಗಳ ಸಂಘಟಕರು ಇರಬೇಕು ಎಂದು ಊಹಿಸಿದ್ದೇನೆ. ಹೌದಾದರೆ, ಪತ್ರಿಕೆಯ ಪಟ್ಟಿ ನೋಡಿ ಎಷ್ಟು ಜನ ಬರುತ್ತಾರೆ ಎಂಬ ಅಂದಾಜು ನಿಮಗಿದೆಯೇ?

ಗೌರವದಿಂದ,
ಅಕ್ಷಯಾ

*

ಚಾಮರಾಜಪೇಟೆ
27 ಮಾರ್ಚ್ 2024

ಅಕ್ಷಯಾ ಮೇಡಂ ಅವರಿಗೆ,

ಸಂಘಟಕ ಎಂದಿರಿ. ಸಭೆಗಳ ಹತ್ತಿರ ಇರುವವನು ಎಂದಿಟ್ಟುಕೊಳ್ಳಿ. ಅಂದಾಜು ಕೇಳಿದಿರಿ. ಅಂದಾಜು ನನ್ನಲ್ಲಿಲ್ಲ, ಲೆಕ್ಕ ಇದೆ. ಚಾಮರಾಜಪೇಟೆಯಲ್ಲಿ ಎರಡು, ಬಸವನಗುಡಿಯಲ್ಲಿ ಒಂದು, ಮಲ್ಲೇಶ್ವರದಲ್ಲಿ ಒಂದು, ಹೀಗೆ ನಾಲ್ಕು ಸಭಾಂಗಣಗಳಲ್ಲಿ ಯಾವ ದಿನ ಎಷ್ಟು ಕುರ್ಚಿ ಹಾಕಿತ್ತು, ಎಷ್ಟು ತುಂಬಿತ್ತು ಎಂದು ಮೂವತ್ತೊಂದು ವರ್ಷದಿಂದ ಬರೆದಿಟ್ಟಿದ್ದೇನೆ.

ಒಂದು ಉದಾಹರಣೆ. ಪಂಚಾಕ್ಷರಯ್ಯನವರು ಎಂಬ ನಿವೃತ್ತ ಮೇಷ್ಟ್ರು ‘ಗುರುವಾರದ ಓದು’ ಎಂಬ ಬಳಗ ನಡೆಸುತ್ತಾರೆ. ಶಾಲೆಯೊಂದರ ಮಹಡಿಯ ಕೋಣೆ. ಹಳೆಯ ಕಾವ್ಯ ಓದುತ್ತಾರೆ, ಅರ್ಥ ಹೇಳುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ಸಾಮಾನ್ಯ ನಲವತ್ತು, ನಲವತ್ತೊಂದು ಕುರ್ಚಿ ತುಂಬುತ್ತವೆ. ಹೋದ ವರ್ಷ ನವೆಂಬರ್ 9ರ ಪತ್ರಿಕೆಯಲ್ಲಿ ಇವರ ಹೆಸರು ಬಿಟ್ಟುಹೋಯಿತು. ಅವತ್ತು ಹನ್ನೆರಡು. ಮುಂದಿನ ವಾರ ಹೆಸರು ಬಂತು, ಮತ್ತೆ ನಲವತ್ತು.

ಕೋಣೆ ಒಂದು ಟ್ರಸ್ಟಿನದು. ಟ್ಯೂಷನ್ನಿನವರು ಅದರ ಮೇಲೆ ಕಣ್ಣಿಟ್ಟಿದ್ದಾರೆ. ಈ ವರ್ಷ ಟ್ರಸ್ಟಿನವರು ಕರಾರು ಹಾಕಿದ್ದಾರೆ: ಜುಲೈಯಿಂದ ಸೆಪ್ಟೆಂಬರಿನವರೆಗೆ ಸರಾಸರಿ ಇಪ್ಪತ್ತೈದು ಜನ ಬಂದರೆ ಕೋಣೆ ಬಳಗಕ್ಕೆ, ಇಲ್ಲವಾದರೆ ಟ್ಯೂಷನ್ನಿಗೆ. ಯಾರ ಲೆಕ್ಕ ಎಂದರೆ ಎರಡು ಕಡೆಯವರೂ ಒಪ್ಪಿರುವುದು ನನ್ನ ಪುಸ್ತಕವನ್ನೇ.

ಇನ್ನು ನಿಮ್ಮ ಮುನ್ನೂರ ಹತ್ತು ಜನ. ಒಬ್ಬರನ್ನು ಹೇಳುತ್ತೇನೆ. ತ್ಯಾಗರಾಜನಗರದ ಶೈಲಜಮ್ಮ, ನಿವೃತ್ತ ಹೆಡ್‌ಮಿಸ್ಟ್ರೆಸ್. ಫೋನಿನಲ್ಲಾದರೆ ಅಕ್ಷರ ದೊಡ್ಡದು ಮಾಡಬಹುದು ಎಂದು ಆರು ಗಂಟೆಗೆ ಅಲ್ಲಿ ಓದುತ್ತಾರೆ. ಆಮೇಲೆ ಲ್ಯಾಂಡ್‌ಲೈನ್ ಹಿಡಿಯುತ್ತಾರೆ. ಒಮ್ಮೆ ಎದುರಿಗೇ ಕೂತು ಕೇಳಿದೆ.

“ಗೋದಾ? ಮಲ್ಲೇಶ್ವರ. ಐದೂವರೆ ಅಂತಾರೆ, ಆರಕ್ ಶುರು. ವೀಣೆ. ಸ್ವೆಟರ್ ತಗೋ. ಇಡ್ಲಾ?”

ಹೀಗೆ ಹದಿನಾಲ್ಕು ಮನೆಗೆ. ನಿಮ್ಮ ಯಂತ್ರಕ್ಕೆ ಶೈಲಜಮ್ಮ ಒಬ್ಬರು. ನನ್ನ ಕುರ್ಚಿಗೆ ಹದಿನೈದು.

ದೊಡ್ಡಬೈರಪ್ಪ

*

ಪುಣೆ
15 ಏಪ್ರಿಲ್ 2024

ದೊಡ್ಡಬೈರಪ್ಪನವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಒಬ್ಬರು ಓದಿ ಹದಿನಾಲ್ಕು ಜನ ಕೇಳುವುದನ್ನು ಅಳೆಯಲು ನಮ್ಮಲ್ಲಿ ಏನೂ ಇಲ್ಲ. ಶೈಲಜಮ್ಮನವರು ಪುಟ ಮುಚ್ಚಿದ ಕೂಡಲೇ ನಮ್ಮ ಪಾಲಿಗೆ ಅವರು ಹೊರಟುಹೋದರು.

ಇದು ನಿಮ್ಮಲ್ಲೇ ಇರಲಿ. ಜೂನ್ 10ರಿಂದ 24ರವರೆಗೆ ಹದಿನೈದು ದಿನ ಹೊಸ ವೆಬ್‌ಸೈಟಿನ ಪರೀಕ್ಷೆ. ದಿನಕ್ಕೆ ಎರಡು ಸಾವಿರ ಓದುಗರಿಲ್ಲದ ವಿಭಾಗಗಳನ್ನು ತೆಗೆಯಬೇಕೆಂದು ಒಂದು ಪಟ್ಟಿಯಾಗಿದೆ. ‘ಇಂದು ಊರಲ್ಲಿ’ ಅದರಲ್ಲಿ ಮೊದಲನೆಯದು. ಪಟ್ಟಿ ಮಾಡಿದವರು ಬಸವನಗುಡಿಯನ್ನು ಕಣ್ಣಿಂದಲೂ ನೋಡಿಲ್ಲ ಎಂದು ಕಾಣುತ್ತದೆ. ಇನ್ನೊಂದು ವಿಷಯ: ಹೊಸ ಏರ್ಪಾಡಿನಲ್ಲಿ ಅಚ್ಚಿನ ಪುಟಕ್ಕೂ ಪಟ್ಟಿ ಹೋಗುವುದು ವೆಬ್‌ಸೈಟಿನಿಂದಲೇ. ಇಲ್ಲಿ ತೆಗೆದರೆ ನಾಲ್ಕನೇ ಪುಟದ ಮೂಲೆಯಿಂದಲೂ ಹೋಗುತ್ತದೆ.

ಈ ಅಂಕಣಕ್ಕೆ ಮಾತ್ರ ಮೂರು ತಿಂಗಳ ರಿಯಾಯಿತಿ ಕೊಡಿ ಎಂದು ಪತ್ರಿಕೆಯ ಸಂಪಾದಕರನ್ನು ಕೇಳಿದ್ದೇನೆ. ಕೊಡುವ ಸೂಚನೆ ಇದೆ. ಆದ್ದರಿಂದ ನೀವು ದಯವಿಟ್ಟು ಏನೂ ಮಾಡಬೇಡಿ. ಎಂದಿನ ಹಾಗೆ ಓದುತ್ತಿರಿ, ಅಷ್ಟೇ.

ಅಕ್ಷಯಾ

*

ಪುಣೆ
3 ಜುಲೈ 2024

ಮಾನ್ಯ ದೊಡ್ಡಬೈರಪ್ಪನವರಿಗೆ,

ನನ್ನ ಏಪ್ರಿಲ್ ಕಾಗದಕ್ಕೆ ನಿಮ್ಮಿಂದ ಉತ್ತರವಿಲ್ಲ. ಪರೀಕ್ಷೆ ಮುಗಿಯಿತು. ಅದರಲ್ಲಿ ಕಂಡ ಒಂದು ವಿಚಿತ್ರವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಹದಿನೈದು ದಿನಗಳಲ್ಲಿ ಒಂದೇ ಒಂದು ಫೋನು ‘ಇಂದು ಊರಲ್ಲಿ’ ಪುಟವನ್ನು ಸಾವಿರದ ಎಂಟುನೂರ ನಲವತ್ತಾರು ಸಲ ತೆರೆದಿದೆ. ಆ ಫೋನು ಕೆಲವು ಸಂಜೆ ಚಾಮರಾಜಪೇಟೆಯಲ್ಲಿರುತ್ತದೆ, ಕೆಲವು ಸಂಜೆ ಬಸವನಗುಡಿಯಲ್ಲಿ, ಎರಡು ದಿನ ಮಲ್ಲೇಶ್ವರದಲ್ಲಿತ್ತು. ಜೂನ್ 13ರಂದು ಸಂಜೆ ಐದರಿಂದ ಐದೂವರೆಯೊಳಗೆ ನಲವತ್ತೊಂದು ಸಲ ತೆರೆದಿದೆ. ಮನುಷ್ಯರು ಹೀಗೆ ಓದುವುದಿಲ್ಲ. ನಮ್ಮ ಯಂತ್ರ ಇದನ್ನು ಮೋಸ ಎಂದು ಗುರುತಿಸಿ, ಆ ಅಂಕಣದ ಎಲ್ಲ ಅಂಕಿಗಳಿಗೂ ಕೆಂಪು ಗುರುತು ಹಾಕಿತು. ಸಂಪಾದಕರು ವರದಿ ನೋಡಿ, “ಈ ಅಂಕಣಕ್ಕೆ ಯಾರೋ ಕೂತು ಸುಳ್ಳು ಓದುಗರನ್ನ ಹುಟ್ಟಿಸ್ತಿದಾರೆ, ಇದಕ್ಕೆ ರಿಯಾಯಿತಿ ಬೇರೆ ಕೇಡು” ಎಂದರು.

ಆಗಸ್ಟ್ 1ಕ್ಕೆ ಹೊಸ ವೆಬ್‌ಸೈಟ್ ಬರುತ್ತದೆ. ಅವತ್ತಿನಿಂದ ಅಂಕಣ ಇರುವುದಿಲ್ಲ.

ಆ ಫೋನು ಯಾರದಿರಬಹುದು? ನಲವತ್ತೊಂದು ಎಂಬ ಸಂಖ್ಯೆಯನ್ನು ನಾನು ಎಲ್ಲೋ ಓದಿದ ನೆನಪು.

ಅಕ್ಷಯಾ

*

ಚಾಮರಾಜಪೇಟೆ
9 ಜುಲೈ 2024

ಮೇಡಂ,

ಫೋನು ಯಾರದೋ ನನಗೆ ತಿಳಿಯದು. ಯಂತ್ರಗಳು ಕೆಡುತ್ತವೆ, ಮಳೆಗಾಲ ಬೇರೆ. ನಲವತ್ತೊಂದು ಬಹಳ ಕಡೆ ಬರುವ ಸಂಖ್ಯೆ.

ದೊಡ್ಡಬೈರಪ್ಪ

*

ಚಾಮರಾಜಪೇಟೆ
2 ಆಗಸ್ಟ್ 2024

ಅಕ್ಷಯಾ ಅವರೇ,

ನಿನ್ನೆ ಗುರುವಾರ. ಹಾಕಿದ ಕುರ್ಚಿ ಐವತ್ತು. ತುಂಬಿದ್ದು ಹದಿಮೂರು.

ಫೋನು ನನ್ನದು.

ಹೇಗೆ ನಡೆಯಿತು ಎಂದು ಹೇಳುತ್ತೇನೆ. ನಮ್ಮ ಕಡೆ ಸಭೆಯ ಬಾಗಿಲಲ್ಲಿ ಒಂದು ಮೇಜು ಇರುತ್ತದೆ. ಅದರ ಮೇಲೆ ಹಾಜರಿ ಪುಸ್ತಕ, ದಾರ ಕಟ್ಟಿದ ಪೆನ್ನು. ಬಂದವರು ಸಹಿ ಹಾಕಿ ಒಳಗೆ ಹೋಗುವುದು ವಾಡಿಕೆ. ಜೂನ್ 10ರಂದು ಅದರ ಪಕ್ಕದಲ್ಲಿ ನನ್ನ ಫೋನ್ ಇಟ್ಟೆ. ಸಹಿ ಹಾಕಿದ ಕೈಯಲ್ಲೇ ಒಂದು ಸಲ ಒತ್ತಿ ಹೋಗಿ ಎಂದೆ. ರಾಮಾನುಜ ಎಂದು ರೆವಿನ್ಯೂ ಇಲಾಖೆಯ ನಿವೃತ್ತ ಗುಮಾಸ್ತರು, ಅವರು ಕನ್ನಡಕ ಏರಿಸಿ ನೋಡಿದರು.

“ಏನ್ರೀ ಬೈರಪ್ಪ, ಓಟಾ ಇದು?”

“ಓಟೇ ಅಂದ್ಕೊಳ್ಳಿ ಸಾರ್.”

“ಮತ್ತೆ ಶಾಯಿ ಎಲ್ಲಿ?”

ಶೈಲಜಮ್ಮನವರು ಮಾತ್ರ ನಿಂತು ಕೇಳಿದರು. “ನಾನ್ ಬೆಳಿಗ್ಗೇನೇ ಓದಿದೀನಿ. ಮತ್ ಯಾಕ್ ಒತ್ಬೇಕು?”

“ನಿಮ್ ಫೋನಲ್ಲಿ ಓದಿದ್ದು ನಿಮ್ ಲೆಕ್ಕ ತಾಯಿ. ಇದು ಸಭೆ ಲೆಕ್ಕ.”

ಹದಿನೈದು ದಿನ, ನಾಲ್ಕು ಸಭಾಂಗಣ, ಒಂದು ದಿನವೂ ಬಿಡಲಿಲ್ಲ. ಒಂದೇ ಪುಸ್ತಕದಲ್ಲಿ ನಲವತ್ತೊಂದು ಸಹಿ ಇದ್ದರೆ ನಲವತ್ತೊಂದು ಜನ ಎನ್ನುತ್ತೀರಿ. ಒಂದೇ ಫೋನಿನಲ್ಲಿ ನಲವತ್ತೊಂದು ಬೆರಳಿದ್ದರೆ ಒಬ್ಬ ಕಳ್ಳ ಎನ್ನುತ್ತೀರಿ. ಅದು ನನಗೆ ಹೊಳೆಯಲಿಲ್ಲ. ನೀವು ‘ಏನೂ ಮಾಡಬೇಡಿ’ ಎಂದು ಬರೆದಿದ್ದಿರಿ. ಅಂಥ ಮಾತು ಕೇಳಿ ಸುಮ್ಮನೆ ಕೂರುವವನಾಗಿದ್ದರೆ ನಾನು ಇವತ್ತಿಗೂ ನಮ್ಮ ಹಳ್ಳಿಯಲ್ಲೇ ಇರುತ್ತಿದ್ದೆ.

ಎರಡನೆಯದು. ನಾನು ಸಂಘಟಕನಲ್ಲ. ಶಾಮಿಯಾನ, ಕುರ್ಚಿ, ಮೈಕು ಬಾಡಿಗೆಗೆ ಕೊಡುವವನು. ಮಾಗಡಿ ಕಡೆಯಿಂದ ಬಂದಾಗ ತಲೆಯ ಮೇಲೆ ಬೇರೆಯವರ ಕುರ್ಚಿ ಹೊತ್ತೆ, ಈಗ ಒಂಬೈನೂರು ಕುರ್ಚಿ ನನ್ನವೇ ಇವೆ. ಎಷ್ಟು ತುಂಬುತ್ತವೆ ಎಂದು ಬರೆದಿಡುವುದು ಸುಮ್ಮನೆ ಖಾಲಿ ಕುರ್ಚಿ ಹೊತ್ತು ತಿರುಗಬಾರದು ಎಂದು. ಸಭೆಗಳು ನಡೆದರೆ ನನಗೂ ನಡೆಯುತ್ತದೆ. ನೀವು ಸಾಹಿತ್ಯಾಸಕ್ತರು ಎಂದು ಬರೆದ ಕಾಗದವನ್ನು ಮನೆಯಲ್ಲಿ ಎಲ್ಲರಿಗೂ ತೋರಿಸಿದ್ದೆ. ತಿದ್ದಲು ಮನಸ್ಸಾಗಲಿಲ್ಲ.

ಬಂದ ಜನ ಸುಳ್ಳಲ್ಲ. ಅದಕ್ಕೆ ಸಾಕ್ಷಿಯಾಗಿ ಬರೆದು ತುಂಬಿದ ಕೊನೆಯ ಮೂರು ಕುರ್ಚಿ ಪುಸ್ತಕಗಳನ್ನು ಬೇರೆ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ಇವು ಇದುವರೆಗೆ ಚಾಮರಾಜಪೇಟೆ ದಾಟಿದ್ದಿಲ್ಲ.

ದೊಡ್ಡಬೈರಪ್ಪ

*

ಪುಣೆ
30 ಆಗಸ್ಟ್ 2024

ದೊಡ್ಡಬೈರಪ್ಪನವರಿಗೆ,

ಜುಲೈ ಕಾಗದ ಓದಿ ಸಿಟ್ಟು ಬಂದಿತ್ತು. ಆಗಸ್ಟಿನದು ಓದಿ ಇನ್ನೂ ಹೆಚ್ಚಾಯಿತು. ಎರಡು ವಾರ ಪಾರ್ಸೆಲ್ ಬಿಚ್ಚಲಿಲ್ಲ.

ಆದರೆ ನನ್ನದೂ ಒಂದಿದೆ. ಪಟ್ಟಿ ಮಾಡಿದವರು ಬಸವನಗುಡಿಯನ್ನು ನೋಡಿಲ್ಲ ಎಂದು ಏಪ್ರಿಲಿನಲ್ಲಿ ಯಾರೋ ಬೇರೆಯವರ ವಿಷಯ ಹೇಳುವ ಹಾಗೆ ಬರೆದೆ. ಪಟ್ಟಿ ಮಾಡಿದವಳು ನಾನೇ. ನಿಮ್ಮ ಮೊದಲ ಕಾಗದ ಬರುವ ಹಿಂದಿನ ವಾರ ಅದನ್ನು ಒಪ್ಪಿಸಿದ್ದೆ. ನಾನು ಬಸವನಗುಡಿಯನ್ನು ನೋಡಿಲ್ಲ ಎಂಬುದು ಮಾತ್ರ ನಿಜ.

ಈಗ ನಿಮ್ಮ ಪುಸ್ತಕಗಳ ವಿಷಯ. ಪ್ರತಿ ಸಾಲನ್ನೂ ಕಂಪ್ಯೂಟರಿಗೆ ಏರಿಸಿದೆ. ಪತ್ರಿಕೆಯ ಹಳೆಯ ಸಂಚಿಕೆಗಳ ಜೊತೆ ತಾಳೆ ನೋಡಿದೆ. ಹೆಸರು ಬಿಟ್ಟುಹೋದ ದಿನ ಕುರ್ಚಿ ಖಾಲಿ, ನೀವು ಹೇಳಿದ ಹಾಗೆಯೇ. ಆದರೆ ಒಂದು ಕಡೆ ಅರ್ಥವಾಗುತ್ತಿಲ್ಲ. 2023ರ ಫೆಬ್ರವರಿ 6ರಿಂದ 26ರವರೆಗೆ, ನಾಲ್ಕೂ ಸಭಾಂಗಣಗಳಲ್ಲಿ, ಒಂದೇ ಸಲಕ್ಕೆ, ಮೂರರಲ್ಲೊಂದು ಪಾಲು ಜನ ಕಡಿಮೆಯಾಗಿದ್ದಾರೆ. ಪತ್ರಿಕೆಯಲ್ಲಿ ಎಲ್ಲ ಹೆಸರೂ ಇವೆ. ಬಂದ್ ಇಲ್ಲ, ಶಿವರಾತ್ರಿ ಒಂದು ದಿನ ಬಿಟ್ಟರೆ ಹಬ್ಬದ ಗಲಾಟೆ ಇಲ್ಲ. ವೀಣೆಗೂ ಕಡಿಮೆ, ಉಪನ್ಯಾಸಕ್ಕೂ ಕಡಿಮೆ. 27ರಿಂದ ನಾಲ್ಕೂ ಕಡೆ ಮತ್ತೆ ತುಂಬಿವೆ.

ಊಟ ಮಾಡುವಾಗಲೂ ಇದೇ ಯೋಚನೆ. ಆ ಮೂರು ವಾರ ನಿಮ್ಮ ಊರಲ್ಲಿ ಏನಾಯಿತು?

ಅಕ್ಷಯಾ

*

ಚಾಮರಾಜಪೇಟೆ
10 ಸೆಪ್ಟೆಂಬರ್ 2024

ಅಕ್ಷಯಾ ಅವರೇ,

ಗಣೇಶನ ಹಬ್ಬ, ಕುರ್ಚಿಗಳೆಲ್ಲ ಬೀದಿಗಳಲ್ಲಿವೆ, ಗೋಡೌನ್ ಖಾಲಿ ಹೊಡೆಯುತ್ತಿದೆ. ಕಾಗದ ಬರೆಯಲು ಪುರಸೊತ್ತು ಸಿಕ್ಕಿದೆ.

ನಿಮ್ಮ ಪ್ರಶ್ನೆ ಓದಿ ನಾನೂ ತಲೆ ಕೆರೆದುಕೊಂಡೆ. ಆ ಮೂರು ವಾರದ ಪುಟ ನಾನೇ ಬರೆದದ್ದು, ಆದರೆ ಯಾವತ್ತೂ ಒಂದು ದಿನಕ್ಕೆ ಒಂದು ಸಾಲು ಎಂದು ಅಡ್ಡಡ್ಡ ಓದಿದ್ದೆ. ನೀವು ಉದ್ದಕ್ಕೆ ಓದಿದ್ದೀರಿ. ನಾಲ್ಕು ಜನರನ್ನು ಕೇಳಿದೆ, ಯಾರಿಗೂ ನೆನಪಿಲ್ಲ. ಕೊನೆಗೆ ಇವತ್ತು ತ್ಯಾಗರಾಜನಗರಕ್ಕೆ ಹೋದೆ. ಅವರೆಲ್ಲರ ಬೆರಳನ್ನೂ ಯಂತ್ರ ಕಳ್ಳ ಬೆರಳು ಎಂದಿತು ಎಂದು ನಾನು ಆಗಸ್ಟ್ 22ರ ಗುರುವಾರ ಸಭೆಯಲ್ಲಿ ಒಪ್ಪಿಕೊಂಡಿದ್ದೆ. ಅಂದಿನಿಂದ ಶೈಲಜಮ್ಮನವರು ನನ್ನನ್ನು ಕಂಡರೆ ಗೋಡೆ ನೋಡುತ್ತಿದ್ದರು. ಇವತ್ತೂ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು.

“ಫೆಬ್ರವರೀನಾ? ಎಡಗಣ್ ಆಪರೇಷನ್ ಮಾಡ್ಸಿದ್ದು. ಮೂರ್ ವಾರ ಫೋನ್ ನೋಡ್ಬಾರ್ದು ಅಂದಿದ್ರು ಡಾಕ್ಟ್ರು.”

“ಲ್ಯಾಂಡ್‌ಲೈನ್ ಇತ್ತಲ್ಲ ತಾಯಿ?”

“ಓದದೇ ಏನಂತ ಹೇಳ್ಲಿ? ಸುಳ್ ಹೇಳ್ಲಾ, ನಿಮ್ ಥರ?”

ನಿಮ್ಮ ಕಾಗದ ತೋರಿಸಿದೆ. ಒಂದು ಕಣ್ಣು ಮುಚ್ಚಿಕೊಂಡು ಓದಿದರು. ಆಮೇಲೆ ಇನ್ನೊಂದು ಮುಚ್ಚಿಕೊಂಡು ಓದಿದರು.

“ನಾಲ್ಕೂ ಕಡೆ ಕಡ್ಮೆ ಆಗಿತ್ತಾ? ನಿಜವಾಗ್ಲೂ?”

“ಬರ್ದಿದೀನಲ್ಲ.”

“ಒಳಗ್ ಬನ್ನಿ. ಕಾಫಿ ಮಾಡ್ತೀನಿ.”

ಕಾಫಿ ಕುಡಿಯುತ್ತಾ ತಿಳಿದ ವಿಷಯ ಇಷ್ಟು. ಅವರು ಹೇಳುವುದು ಹದಿನಾಲ್ಕು ಮನೆಗೆ. ಆ ಹದಿನಾಲ್ಕರಲ್ಲಿ ಕುಮಾರ ಪಾರ್ಕಿನ ಗೋದಾ ಒಬ್ಬರೇ ಇನ್ನೂ ಆರು ಮನೆಗೆ ಹೇಳುತ್ತಾರೆ. ಉಳಿದವರು ಎಷ್ಟೆಷ್ಟು ಮನೆಗೆ ಎಂಬುದು ಶೈಲಜಮ್ಮನವರಿಗೂ ಗೊತ್ತಿಲ್ಲ. ನಾಳೆಯಿಂದ ವಿಚಾರಿಸುತ್ತಾರಂತೆ.

ದೊಡ್ಡಬೈರಪ್ಪ

*

ಚಾಮರಾಜಪೇಟೆ
27 ಸೆಪ್ಟೆಂಬರ್ 2024

ಅಕ್ಷಯಾ ಅವರೇ,

ಸೆಪ್ಟೆಂಬರಿನ ನಾಲ್ಕು ಗುರುವಾರ: ಹನ್ನೊಂದು, ಹನ್ನೆರಡು, ಹದಿನಾಲ್ಕು, ಹದಿಮೂರು. ಜುಲೈಯಿಂದ ಇಲ್ಲಿಯವರೆಗೆ ಸರಾಸರಿ ಇಪ್ಪತ್ತೂವರೆ. ಪುಸ್ತಕವನ್ನು ಇವತ್ತು ಟ್ರಸ್ಟಿನವರಿಗೆ ತೋರಿಸಿದೆ. ಕೋಣೆ ಹೋಯಿತು.

ಪಂಚಾಕ್ಷರಯ್ಯನವರು ನನ್ನ ಜೊತೆ ಮಾತಾಡುತ್ತಿಲ್ಲ. ಬೇರೆ ವಿಶೇಷ ಇಲ್ಲ.

ದೊಡ್ಡಬೈರಪ್ಪ

*

ಪುಣೆ
11 ನವೆಂಬರ್ 2024

ದೊಡ್ಡಬೈರಪ್ಪನವರಿಗೆ,

ಸೆಪ್ಟೆಂಬರ್ 19ರಂದು ನೀವು ಬರೆದ ಹದಿನಾಲ್ಕರಲ್ಲಿ ಒಬ್ಬಳು ನಾನು.

ಹೇಳದೆ ಬಂದೆ. ನೀವು ಒಮ್ಮೆ ಲೆಕ್ಕ ಕೆಡಿಸಿದ್ದಿರಿ. ಅದೇ ಕೈಯ ಪುಸ್ತಕವನ್ನು ಸಂಪಾದಕರ ಮುಂದೆ ಇಡುವ ಮೊದಲು ಒಂದು ಗುರುವಾರವನ್ನಾದರೂ ನಾನೇ ಎಣಿಸಿ ನೋಡಬೇಕಿತ್ತು. ಬಾಗಿಲಲ್ಲಿ ಸಹಿ ಹಾಕದೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ನೀವು ಪೆನ್ಸಿಲ್ ತುದಿಯಿಂದ ಗಾಳಿಯಲ್ಲಿ ಒಂದೊಂದೇ ತಲೆ ಮುಟ್ಟುತ್ತಾ ಬಂದಿರಿ. ನನ್ನ ಹತ್ತಿರ ನಿಂತು, “ಹೊಸಬ್ರಾ? ಕುಡಿಯೋ ನೀರು ಆ ಕಡೆ ಇದೆ” ಎಂದಿರಿ. ನಾನು ‘ಹೂಂ’ ಎಂದೆ. ಹೆಚ್ಚು ಮಾತಾಡಿದರೆ ಹುಬ್ಬಳ್ಳಿ ಗೊತ್ತಾಗುತ್ತಿತ್ತು.

ಓದು ಮುಗಿದ ಮೇಲೆ ಮೂವರು ನನ್ನ ಬೆನ್ನ ಹಿಂದೆಯೇ ಮಾತಾಡಿದಿರಿ. ಪುಣೆಗೆ ಬಂದ ಕೂಡಲೇ ಬರೆದಿಟ್ಟುಕೊಂಡಿದ್ದೇನೆ.

ಪಂಚಾಕ್ಷರಯ್ಯನವರು: “ವಾರಕ್ಕೊಂದ್ ಏಳು ಕುರ್ಚಿ ಬೈರಪ್ಪನವ್ರೇ. ಹೋದ್ ತಿಂಗಳದ್ದೂ ಸೇರ್ಸಿ ತಿದ್ಬಿಟ್ರೆ ಕೋಣೆ ಉಳ್ಯತ್ತೆ. ಯಾರಿಗ್ ನಷ್ಟ ಹೇಳಿ?”

ಶೈಲಜಮ್ಮನವರು: “ಏಳ್ ಯಾಕೆ, ಹತ್ತೇ ಸೇರ್ಸ್ಕೊಳ್ಳಿ. ಟ್ರಸ್ಟಿನೋರು ಮೆಟ್ಲು ಹತ್ ಬಂದ್ ನೋಡ್ತಾರಾ?”

ನೀವು: “ಈ ಪುಸ್ತಕ ಪುಣೆಗ್ ಹೋಗತ್ತೆ. ಒಂದ್ಸಲ ಸುಳ್ ಬೆರಳ್ ಕಳ್ಸಿದೀನಿ. ಈಗ ಏಳ್ ಸುಳ್ ಕುರ್ಚಿ ಹಾಕಿದ್ರೆ ಹಿಂದಿನ ನಿಜದ್ ಕುರ್ಚಿಗಳೂ ಅದ್ರ ಜೊತೆ ಹೋಗ್ತವೆ.”

ಪಂಚಾಕ್ಷರಯ್ಯನವರು: “ಆ ಹುಡುಗಿ ಏನ್ ಇಲ್ ಬಂದ್ ಎಣಿಸ್ತಾಳಾ?”

ನೀವು: “ಎಣ್ಸಲ್ಲ. ಅದೇ ತೊಂದ್ರೆ.”

ಆಗಲೇ ಎದ್ದು ಹೇಳಿಬಿಡಬೇಕಿತ್ತು. ಆದರೆ ನೀವು ಕೊನೆಗೆ ಏನು ಬರೆಯುತ್ತೀರಿ ಎಂಬುದು ನನಗೆ ಬೇಕಿತ್ತು. 27ರ ಕಾಗದದಲ್ಲಿ ಹದಿನಾಲ್ಕು ಎಂದಿತ್ತು. ನಾನು ಎಣಿಸಿದ್ದೂ ಹದಿನಾಲ್ಕು. ಅದೇ ಕಾಗದದ ಮುಂದಿನ ಸಾಲುಗಳಲ್ಲಿ ಕೋಣೆ ಹೋಗಿತ್ತು. ನನ್ನ ಕೆಲಸ ಎರಡು ತಿಂಗಳು ಮೊದಲು ಆಗಿದ್ದರೆ ಕೋಣೆ ಇರುತ್ತಿತ್ತು. ಆಗಲಿಲ್ಲ. ಅದಕ್ಕೆ ನನ್ನ ಬಳಿ ಸಮಜಾಯಿಷಿ ಇಲ್ಲ.

ಸಂಪಾದಕರ ಮುಂದೆ ಮೂರು ಹಾಳೆ ಇಟ್ಟೆ. ಒಂದು, ಫೆಬ್ರವರಿಯ ಮೂರು ವಾರ. ಎರಡು, ಶೈಲಜಮ್ಮನವರ ಕಣ್ಣಿನ ಆಪರೇಷನ್. ಮೂರು, ಕೋಣೆ ಹೋಗುತ್ತದೆ ಎಂದು ಗೊತ್ತಿದ್ದೂ ನೀವು ಬರೆದ ಸೆಪ್ಟೆಂಬರ್. ಅವರು ಮೂರನೆಯದನ್ನೇ ಬಹಳ ಹೊತ್ತು ನೋಡಿ, “ಇಂಥ ಲೆಕ್ಕ ನಮ್ ಆಫೀಸಲ್ಲಿ ಯಾರ್ ಬರೀತಾರ್ರೀ?” ಎಂದರು.

ನವೆಂಬರ್ 1ರಿಂದ ಅಂಕಣ ವಾಪಸ್ ಬಂದಿರುವುದನ್ನು ನೋಡಿದ್ದೀರಿ. ಒಂದೇ ಹಾಳೆ, ಚಿತ್ರವಿಲ್ಲ, ಜಾಹೀರಾತಿಲ್ಲ, ದೊಡ್ಡ ಅಕ್ಷರ. ಮೊದಲು ಅತಿಥಿಗಳ ಹೆಸರು, ಅವರ ಬಿರುದು ಎಲ್ಲ ಮುಗಿದ ಮೇಲೆ ಜಾಗ ಬರುತ್ತಿತ್ತು. ಈಗ ಮೊದಲು ಬಡಾವಣೆ, ಆಮೇಲೆ ಗಂಟೆ, ಆಮೇಲೆ ವಿಷಯ. ಶೈಲಜಮ್ಮನವರು ಗೋದಾ ಅವರಿಗೆ ಫೋನಿನಲ್ಲಿ ಹೇಳಿದ ಕ್ರಮ ಅದು. ಸ್ವೆಟರ್ ಸೇರಿಸಲು ಆಗಲಿಲ್ಲ.

ದಿನಕ್ಕೆ ಈಗ ನಾನೂರ ಅರವತ್ತು ಓದುಗರು.

ಅಕ್ಷಯಾ

ನನ್ನ ಮೊದಲ ಪಟ್ಟಿ ತಪ್ಪು ಎಂದು ನಾನೇ ವರದಿ ಬರೆದದ್ದರಿಂದ ಕಂಪನಿಯವರು ನನ್ನನ್ನು ಈ ಕೆಲಸದಿಂದ ತೆಗೆದು ಒಂದು ಪಾದರಕ್ಷೆ ಅಂಗಡಿಯ ವೆಬ್‌ಸೈಟಿಗೆ ಹಾಕಿದ್ದಾರೆ. ಪುಸ್ತಕಗಳನ್ನು ಹಿಂದಿರುಗಿಸುತ್ತಿದ್ದೇನೆ. ಒಂದರ ರಟ್ಟು ನನ್ನ ಕೈಯಲ್ಲೇ ಕಿತ್ತುಬಂತು.

*

ಚಾಮರಾಜಪೇಟೆ
10 ಜನವರಿ 2025

ಅಕ್ಷಯಮ್ಮಾ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ನೀವು ಹದಿನಾಲ್ಕರಲ್ಲಿ ಒಬ್ಬರಾದರೆ ನಮ್ಮವರು ಅವತ್ತು ಹದಿಮೂರೇ. ಟ್ರಸ್ಟಿನವರಿಗೆ ಪುಣೆಯ ಒಂದು ತಲೆ ಹೆಚ್ಚು ತೋರಿಸಿದ ಹಾಗಾಯಿತು. ಕೂತವರೆಲ್ಲ ಲೆಕ್ಕ ಎಂದು ಬಿಟ್ಟಿದ್ದೇನೆ. ಎದುರಿಗೇ ನಿಂತು ನೀರು ತೋರಿಸಿದವನಿಗೆ ಯಾರೆಂದು ತಿಳಿಯಲಿಲ್ಲವಲ್ಲ, ಅದು ಮಾತ್ರ ಇನ್ನೂ ಚುಚ್ಚುತ್ತದೆ.

ಕೋಣೆ ಹೋದ ಮೇಲೆ ಪಂಚಾಕ್ಷರಯ್ಯನವರು ಶೈಲಜಮ್ಮನವರ ಮನೆಯ ಹಜಾರದಲ್ಲಿ ಓದು ನಡೆಸಿದರು. ಎಂಟು ಜನ, ಒಂಬತ್ತು ಜನ. ನನ್ನನ್ನು ಕರೆಯಲಿಲ್ಲ. ಕುರ್ಚಿಯನ್ನೂ ಕರೆಯಲಿಲ್ಲ, ಚಾಪೆ ಹಾಸಿದರು. ನವೆಂಬರಿನಲ್ಲಿ ಅಂಕಣ ಬಂತು. ‘ತ್ಯಾಗರಾಜನಗರ, ಐದೂವರೆ, ಕಾವ್ಯದ ಓದು’ ಎಂದು ಅಚ್ಚಾದ ವಾರ ಹತ್ತೊಂಬತ್ತು ಜನ. ಡಿಸೆಂಬರಿನಲ್ಲಿ ಮೆಟ್ಟಿಲ ಮೇಲೆ ಕೂತರು. ಪಕ್ಕದ ಮನೆಯವರು ಚಪ್ಪಲಿ ರಾಶಿ ನೋಡಿ, ಯಾರು ಹೋಗಿಬಿಟ್ಟರೋ ಎಂದು ವಿಚಾರಿಸಲು ಬಂದರು. ಕೊನೆಗೆ ಶೈಲಜಮ್ಮನವರೇ ಪಂಚಾಕ್ಷರಯ್ಯನವರ ಎದುರಿಗೆ ನನಗೆ ಫೋನ್ ಮಾಡಿದರು. “ಬೈರಪ್ಪನೋರೆ, ನಿಮ್ ಗೋಡೌನಲ್ಲಿ ಫ್ಯಾನ್ ಇದ್ಯಾ?”

“ಎರಡಿವೆ. ಒಂದ್ ತಿರುಗತ್ತೆ.”

“ಸಾಕು.”

ನಿನ್ನೆ ಮೊದಲ ಗುರುವಾರ. ಶಾಮಿಯಾನ ಬಟ್ಟೆಗಳನ್ನು ಒಂದು ಗೋಡೆಗೆ ಸರಿಸಿ ಜಾಗ ಮಾಡಿದೆ. ಪಂಚಾಕ್ಷರಯ್ಯನವರು ಬಂದರು, ತಗಡಿನ ಛಾವಣಿ ನೋಡಿದರು, ಒಂದು ಕುರ್ಚಿಯನ್ನು ಅಲ್ಲಾಡಿಸಿ ನೋಡಿದರು, ಕೂತರು. ಓದು ಮುಗಿದ ಮೇಲೆ ನನ್ನ ಕಡೆ ತಿರುಗಿ, ಆ ಪುಣೆ ಹುಡುಗಿ ಯಾರು ಎಂದು ನಿಮ್ಮ ವಿಷಯ ಕೇಳಿದರು. ಈ ಕಡತವನ್ನು ಅವರಿಗೆ ಕೊಡುತ್ತೇನೆ. ನಿಮ್ಮ ಅಭ್ಯಂತರ ಇದ್ದರೆ ಬರೆಯಿರಿ, ಆದರೆ ಅಷ್ಟರಲ್ಲಿ ಕೊಟ್ಟಿರುತ್ತೇನೆ.

ಯಾರಿಗೆ ಏನು ಸಿಕ್ಕಿತು ಎಂದು ಹಾಕಿ ನೋಡಿದೆ.

ಪತ್ರಿಕೆಗೆ: ನೂರೈವತ್ತು ಓದುಗರು ಹೆಚ್ಚು.

ಟ್ಯೂಷನ್ನಿಗೆ: ಎರಡು ಕಡೆ ಬೆಳಕಿರುವ ಕೋಣೆ, ಇಪ್ಪತ್ತೆಂಟು ಮಕ್ಕಳು. ಬೆಂಚು ಅವರೇ ತಂದುಕೊಂಡರು.

ಶೈಲಜಮ್ಮನವರಿಗೆ: ಇನ್ನೂ ಎಂಟು ಮನೆ. ಈಗ ಬೆಳಿಗ್ಗೆ ಇಪ್ಪತ್ತೆರಡು ಫೋನು.

ಪಂಚಾಕ್ಷರಯ್ಯನವರಿಗೆ: ತಗಡಿನ ಸೂರು, ಯಾರೂ ಬಿಡಿಸಲಾರದ ಜಾಗ.

ನಿಮಗೆ: ಪಾದರಕ್ಷೆ ಅಂಗಡಿ. ಇಲ್ಲಿಗೆ ಬಂದರೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ.

ನನಗೆ: ಗುರುವಾರ ನಾಲ್ಕು ಗಂಟೆಗೆ ಬಾಗಿಲು ತೆಗೆಯುವ ಕೆಲಸ, ಆಮೇಲೆ ಕಸ ಗುಡಿಸುವ ಕೆಲಸ, ನಡುವೆ ಮೂವತ್ತಾರು ಜನ.

ದೊಡ್ಡಬೈರಪ್ಪ